ಘಾಟಿಯ ರಸ್ತೆಗೆ ಹಲಗೆ ಕಟ್ಟಿದ ಮಳೆಗಾಲ

ಘಾಟಿಯ ರಸ್ತೆಯ ಮೇಲೆ ಗುಡ್ಡದ ಮಣ್ಣು ಜರಿದು ಬಿದ್ದರೆ ಅದನ್ನು ತೆಗೆಯಲು ಆಗ ಇದ್ದದ್ದು ಗುದ್ದಲಿ ಮತ್ತು ಮಂಕರಿ, ಅಷ್ಟೆ. ಇಪ್ಪತ್ತು ಆಳು ಸಾಲಾಗಿ ನಿಂತು ಮಂಕರಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಒಂದು ಜರಿತ ತೆಗೆಯುವ ಹೊತ್ತಿಗೆ ಮೂರು ದಿನ ಆಗುತ್ತಿತ್ತು, ಅಷ್ಟರಲ್ಲಿ ಇನ್ನೆರಡು ಕಡೆ ಜರಿದಿರುತ್ತಿತ್ತು. ಘಾಟಿ ಇಳಿಯಲು ಶುರುವಾಗುವ ದೋಣಿಗಲ್ಲಿನಲ್ಲಿ ಗಾಡಿಗಳು ಸಾಲುಗಟ್ಟಿ ನಿಂತು, ಎತ್ತುಗಳು ನೊಗ ಇಳಿಸಿದ ಜಾಗದಲ್ಲೇ ಮಲಗಿ ಮೆಲುಕು ಹಾಕುತ್ತಿದ್ದವು. ಟಪ್ಪಾಲಿನವನೊಬ್ಬ ಮಾತ್ರ ಚೀಲ ತಲೆ ಮೇಲಿಟ್ಟುಕೊಂಡು ಮಣ್ಣಿನ ಮೇಲೆ ಅಂಬೆಗಾಲಿಟ್ಟು ದಾಟಿ ಹೋಗುತ್ತಿದ್ದ.

ಆ ವರ್ಷ ಮಳೆಗೆ ಮೊದಲೇ ಕಾಫಿ ಎಸ್ಟೇಟಿನ ದೊರೆಗಳು ಇದ್ದಬದ್ದ ಆಳುಗಳನ್ನೆಲ್ಲ ಗಿಡ ನೆಡುವ ಕೆಲಸಕ್ಕೆ ಕರೆದುಕೊಂಡರು. ರಸ್ತೆ ನೋಡಿಕೊಳ್ಳುವ ಓವರ್ಸಿಯರ್‌ಗೆ ಆಳೇ ಸಿಗಲಿಲ್ಲ. ಅವರು ಬಯಲುಸೀಮೆಯವರು, ತಟ್ಟುಗುದುರೆಯ ಮೇಲೆ ಕೊಡೆ ಹಿಡಿದು ಬರುತ್ತಿದ್ದರು. ನಮ್ಮೂರು ರಸ್ತೆಯಿಂದ ಎರಡು ಮೈಲಿ ಒಳಗೆ. ಒಂದು ದಿನ ಅವರು ನಮ್ಮ ಗದ್ದೆಯ ಪಕ್ಕ ಬರುವಾಗ ನಾನು ಕೋಣ ಕಟ್ಟಿ ಹಲಗೆ ಹೊಡೆಯುತ್ತಿದ್ದೆ. ಉತ್ತ ಗದ್ದೆಯಲ್ಲಿ ನೀರು ನಿಲ್ಲಿಸಿ, ಕೆಸರು ಮಟ್ಟವಾಗಲೆಂದು ಅಗಲವಾದ ಹಲಗೆಯನ್ನು ಕೋಣಗಳ ಹಿಂದೆ ಎಳೆಸುತ್ತೇವಲ್ಲ, ಅದು. ಹಲಗೆ ಹಾರದಿರಲಿ ಎಂದು ಅದರ ಮೇಲೆ ಒಬ್ಬ ನಿಂತುಕೊಳ್ಳುತ್ತಾನೆ. ಓವರ್ಸಿಯರ್ ಕುದುರೆ ನಿಲ್ಲಿಸಿ ತುಂಬ ಹೊತ್ತು ನೋಡಿದರು.

"ಏನಯ್ಯ, ಇದು ರಸ್ತೆ ಮೇಲೂ ನಡೆಯುತ್ತೋ?" ಎಂದು ಕೇಳಿದರು.

"ಕೆಸರಿದ್ರೆ ಎಲ್ಲಿ ಬೇಕಾದ್ರೂ ನಡೀತದೆ ಸ್ವಾಮಿ," ಎಂದೆ. ಯೋಚನೆ ಮಾಡಿ ಹೇಳಿದ ಮಾತಲ್ಲ ಅದು.

ಆ ಮಾತಿನಿಂದ ನನಗೆ ಕೆಲಸ ಸಿಕ್ಕಿತು. ದೋಣಿಗಲ್ಲಿನಿಂದ ಕೆಳಕ್ಕೆ ಒಂದು ಮೈಲಿ ರಸ್ತೆ. ಈ ಮಳೆಗಾಲ ಪೂರ್ತಿ ಅಷ್ಟನ್ನು ಗಾಡಿ ಹೋಗುವಂತೆ ಇಟ್ಟುಕೊಂಡರೆ ಮುಂದಿನ ವರ್ಷದಿಂದ ಆ ತುಂಡು ರಸ್ತೆ ನೋಡಿಕೊಳ್ಳುವ ಕೆಲಸ ನನ್ನದೇ. ಮನೆಯಲ್ಲಿ ನಾನು ಕಿರಿಯವನು. ಗದ್ದೆ ಅಣ್ಣಂದಿರಿಗೇ ಸಾಲದು. ನನ್ನದು ಎಂದು ಹೇಳಿಕೊಳ್ಳುವ ಕೆಲಸ ಅದುವರೆಗೆ ಯಾವುದೂ ಇರಲಿಲ್ಲ.

ಆದರೆ ಕೋಣಗಳು ಅಪ್ಪಯ್ಯನವು. ಊರಿನಲ್ಲಿ ಅಂಥ ಜೋಡಿ ಇನ್ನೊಂದಿರಲಿಲ್ಲ. ಒಂದರ ಕೊಂಬು ಬೆನ್ನಿನವರೆಗೂ ಬಾಗಿತ್ತು, ಇನ್ನೊಂದರ ಹಣೆಯಲ್ಲಿ ಬಿಳಿ ಚುಕ್ಕೆ ಇತ್ತು. ಮೇಲಿನ ಗದ್ದೆಗಳ ಉಳುಮೆ ಮುಗಿದಿತ್ತು. ಕೆಳಗಿನ ದೊಡ್ಡ ಗದ್ದೆ ಬಾಕಿ ಇತ್ತು, ವರ್ಷದ ಅಕ್ಕಿ ಬರುವುದು ಅದರಿಂದಲೇ. ಅದಕ್ಕೆ ಹಾಕಿದ ಅಗೆ, ಅಂದರೆ ಭತ್ತದ ಸಸಿ, ಇನ್ನೂ ನಾಲ್ಕು ಬೆರಳುದ್ದವಿತ್ತು.

ಅಪ್ಪಯ್ಯ ಕೊಟ್ಟಿಗೆಯ ಕಂಬಕ್ಕೆ ಒರಗಿಕೊಂಡು ಎಲೆಯಡಿಕೆ ಹಾಕುತ್ತ ಹೇಳಿದರು. "ಆರಿದ್ರೆ ಮಳೆ ಕಳೆಯೋ ದಿನ ನಾನೇ ಬತ್ತೀನಿ. ಕೋಣ ಹೆಂಗೆ ಹೋದ್ವೋ ಹಂಗೇ ನನ್ ಕೈಗೆ ಬರ್ಬೇಕು. ಒಂದ್ರ ಕಾಲು ಕುಂಟಿದ್ರೂ ಕೆಳಗ್ಲು ಗದ್ದೆ ಬೀಳು ಬಿತ್ತು ಅಂತ ತಿಳ್ಕೋ. ಆಮೇಲೆ ನಿನ್ ರಸ್ತೆ ಮಣ್ಣೇ ಬೇಯಿಸ್ಕೊಂಡು ತಿನ್ನಾನ."

"ಆಗ್ಲಿ ಅಪ್ಪಯ್ಯ."

"ಆಗ್ಲಿ ಅನ್ನೋದು ಸುಲಭ ಕಣ್ಲಾ."

ಹಲಗೆ ಹಲಸಿನ ಮರದ್ದು, ಗದ್ದೆಯ ಕೆಸರಿಗೆ ಸಾಕು. ರಸ್ತೆಯಲ್ಲಿ ಕಲ್ಲು ಇರುತ್ತದೆಂದು ಅದನ್ನು ಹೊತ್ತುಕೊಂಡು ಕಮ್ಮಾರನ ಕುಲುಮೆಗೆ ಹೋದೆ. ಮುರಿದ ಗಾಡಿಚಕ್ರದ ಕಬ್ಬಿಣದ ಪಟ್ಟೆಯೊಂದನ್ನು ಕಾಯಿಸಿ, ಬಡಿದು ನೆಟ್ಟಗೆ ಮಾಡಿ, ಹಲಗೆಯ ಕೆಳ ಅಂಚಿಗೆ ಮೊಳೆ ಹೊಡೆದುಕೊಟ್ಟ. ಹಗ್ಗದ ಬದಲು ಎರಡು ಸರಪಳಿ ಹಾಕಿದ. ಎಲ್ಲ ಆದಮೇಲೆ, "ನಂಗೆ ಇಷ್ಟು ವಯಸ್ಸಾತು, ರಸ್ತೆಗೆ ಬೇಸಾಯ ಮಾಡೋನ್ನ ಇವತ್ತೇ ಕಂಡಿದ್ದು ಮಾರಾಯ," ಎಂದು ನಕ್ಕ.

ಜೊತೆಗೆ ಅಕ್ಕನ ಗಂಡ, ನನ್ನ ಭಾವ, ಬಂದರು. ಹಲಗೆಯ ಮೇಲೆ ನಿಲ್ಲಲು ಭಾರದ ಆಳು ಬೇಕು, ಭಾವನಿಗಿಂತ ಭಾರದವರು ನಮ್ಮ ಕಡೆ ಇರಲಿಲ್ಲ. ದೋಣಿಗಲ್ಲಿನ ಗಾಡಿ ನಿಲ್ಲಿಸುವ ಜಾಗದಲ್ಲಿ ಒಂದು ಸೋಗೆಯ ಚಪ್ಪರ ಹಾಕಿಕೊಂಡೆವು. ಒಂದು ಕಡೆ ಕೋಣ, ಇನ್ನೊಂದು ಕಡೆ ನಾವು. ಬೆಳಗಿಗೆ ಅಕ್ಕಿರೊಟ್ಟಿ, ಹುರುಳಿ ಚಟ್ನಿ. ಕಂಬಳಿಕೊಪ್ಪೆ ಒಣಗಿದ್ದು ಎಂಬುದೇ ಇಲ್ಲ. ಹಸಿ ಕಂಬಳಿಯನ್ನೇ ಹೊದ್ದುಕೊಂಡು ಹೊರಟರೆ ಮೈಯ ಕಾವಿಗೆ ಅದರಿಂದ ಹೊಗೆಯಂತೆ ಹಬೆ ಏಳುತ್ತಿತ್ತು. ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳಗಳನ್ನು ಭಾವ ಸುಣ್ಣ ಮುಟ್ಟಿಸಿ ಬಿಡಿಸುತ್ತ, "ಇವಕ್ಕೂ ನಮ್ಮತ್ತೆಗೂ ನನ್ ಮೇಲೆ ಒಂದೇ ಪ್ರೀತಿ," ಎನ್ನುತ್ತಿದ್ದರು. ಅವರ ಅತ್ತೆ ಎಂದರೆ ನನ್ನ ಅವ್ವ.

ಮೊದಲ ಜರಿತ ಸಣ್ಣದು, ಮೊಣಕಾಲೆತ್ತರ. ಕೋಣ ಕಟ್ಟಿದೆ, ಭಾವ ಹಲಗೆ ಹತ್ತಿದರು, ನಾನು ಮುಂದೆ ನಿಂತು "ಹೋಯ್" ಎಂದೆ. ಪಟ್ಟೆ ರಸ್ತೆಯ ಜಲ್ಲಿಗೆ ತಾಗಿ ಕಿರ್ರೆಂದಿತು. ಹಲಗೆಯ ಮುಂದೆ ಕೆಂಪು ಮಣ್ಣು ತೆರೆಯ ಹಾಗೆ ಮಡಚಿಕೊಂಡು ಎದ್ದಿತು. ಹಿಂದೆ ತಿರುಗಿ ನೋಡಿದರೆ ತೊಳೆದಿಟ್ಟ ಹಾಗೆ ರಸ್ತೆ! ಇಪ್ಪತ್ತು ಆಳು ಇಡೀ ದಿನ ಮಾಡುವುದನ್ನು ಕೋಣ ಮಧ್ಯಾಹ್ನದ ಊಟದೊಳಗೆ ಮಾಡಿದ್ದವು. ನಾನು ಹೋಗಿ ಕೋಣಗಳ ಹಣೆ ಮುಟ್ಟಿದೆ. ಅವು ಎಂದಿನಂತೆ ಮೂಗಿನಿಂದ ಉಸಿರು ಬಿಟ್ಟು, ಪಕ್ಕದ ಹುಲ್ಲಿಗೆ ಬಾಯಿ ಹಾಕಿದವು.

ಎಳೆದ ಮಣ್ಣನ್ನು ಎಲ್ಲಿ ಹಾಕುವುದು ಎಂದು ನಾವು ಯೋಚಿಸಲೇ ಇಲ್ಲ. ನಮ್ಮ ಕೈಗಳೇ ಯೋಚಿಸಿದವು. ರಸ್ತೆಯ ಒಂದು ಮಗ್ಗುಲಿಗೆ ಗುಡ್ಡ, ಇನ್ನೊಂದು ಮಗ್ಗುಲಿಗೆ ಕಣ್ಣು ಹಾಯಿಸಲಾಗದಷ್ಟು ಆಳದ ಕಣಿವೆ. ಮಣ್ಣನ್ನು ಕಣಿವೆಗೆ ನೂಕಿದರೆ ಹೋಯಿತು, ಮತ್ತೆ ಬಾರದು. ಬೇಸಾಯದವನು ಕೈಗೆ ಸಿಕ್ಕಿದ ಮಣ್ಣನ್ನು ಹಾಗೆ ಬಿಸಾಡುತ್ತಾನೆಯೇ? ನಾವು ಅದನ್ನು ಗುಡ್ಡದ ಮಗ್ಗುಲಿಗೇ ಎಳೆದು ಒಟ್ಟಿದೆವು. ಒಟ್ಟಿದ ಮೇಲೆ ಸುಮ್ಮನಿರಲಾಗದೆ ಗುದ್ದಲಿಯ ಬೆನ್ನಿನಿಂದ ತಟ್ಟಿ, ಗದ್ದೆಯ ಬದುವಿನ ಹಾಗೆ ನುಣ್ಣಗೆ ಮಾಡಿದೆವು. ಎರಡು ವಾರದಲ್ಲಿ ಏಳೆಂಟು ಜರಿತ ತೆಗೆದೆವು. ರಸ್ತೆಯ ಉದ್ದಕ್ಕೂ ನಮ್ಮ ಬದು ಬೆಳೆಯಿತು. ಭಾವನಿಗೆ ಅದರ ಚಂದ ನೋಡಿ ಸಾಕಾಗದು. ಸಂಜೆ ಹೊತ್ತು ಅದರ ಮೇಲೇ ಕುಳಿತು ಎಲೆ ಹಾಕುತ್ತಿದ್ದರು.

ಗುಡ್ಡದ ಮಗ್ಗುಲಿಗೆ ಒಂದು ಚರಂಡಿ ಇತ್ತು. ಗುಡ್ಡದಿಂದ ಇಳಿದ ನೀರು ಚರಂಡಿಯಲ್ಲಿ ಹರಿದು, ಅಲ್ಲಲ್ಲಿ ರಸ್ತೆಯ ಕೆಳಗೆ ಕಟ್ಟಿದ ಕಲ್ಲಿನ ಮೋರಿಯಿಂದ ಕಣಿವೆಗೆ ಬೀಳಬೇಕು. ನಾವು ಬದು ಕಟ್ಟಿದ್ದು ಆ ಚರಂಡಿಯ ಮೇಲೆ, ಮೋರಿಯ ಬಾಯಿ ಮುಚ್ಚಿಕೊಂಡು. ನಮ್ಮ ಕಣ್ಣಿಗೆ ಅದು ಹಳ್ಳ ಮಾತ್ರ, ಮಣ್ಣು ತುಂಬಲು ಒಳ್ಳೆಯ ಜಾಗ.

ಆರಿದ್ರೆ ಹಿಡಿಯಿತು. ಅದರ ಕೊನೆಯಲ್ಲಿ ನಾಲ್ಕು ದಿನ ಬಿಡದೆ ಹೊಯ್ದ ಮೇಲೆ ಐದನೆಯ ಬೆಳಿಗ್ಗೆ ಓವರ್ಸಿಯರ್ ಬಂದರು. ಎಲ್ಲಕ್ಕಿಂತ ಕೆಳಗಿನ ತಿರುವಿನಲ್ಲಿ ನೀರು ಚರಂಡಿಗೆ ಹೋಗಲಾಗದೆ ಬದು ಹತ್ತಿ ಬಂದು, ರಸ್ತೆಯ ಮೇಲೆ ಮೊಣಕಾಲುದ್ದ ನಿಂತಿತ್ತು. ಮಳೆಹನಿ ಬಿದ್ದು ಗುಳ್ಳೆ ಏಳುತ್ತಿತ್ತು. ಎರಡು ಕಪ್ಪೆ ಈಜಾಡುತ್ತಿದ್ದವು. ಅವರು ಕುದುರೆ ಇಳಿಯದೆಯೇ ಕೊಡೆಯ ತುದಿಯಿಂದ ತೋರಿಸಿದರು.

"ಇದೇನಯ್ಯ ಇದು? ನಾಟಿ ಯಾವತ್ತು ಇಟ್ಟುಕೊಂಡಿದ್ದೀರಿ? ಆಳು ಕಳಿಸಲೋ?"

ಭಾವ ನನ್ನ ಕಡೆ ನೋಡಿದರು, ನಾನು ಕಪ್ಪೆಗಳ ಕಡೆ ನೋಡಿದೆ.

ಅವರು ಇಳಿದು ಕಣಿವೆಯ ಅಂಚಿಗೆ ನಡೆದು, ಬಗ್ಗಿ ತೋರಿಸಿದರು. ಅಂಚಿನ ಕಲ್ಲುಗಳ ಒಳಗಡೆಯೇ ರಸ್ತೆಯಲ್ಲಿ ಒಂದು ಬಿರುಕು, ಹೆಬ್ಬೆರಳು ಹೋಗುವಷ್ಟು. "ನೀರು ಒಳಗೆ ಇಳಿಯುತ್ತಾ ಇದೆ. ಈ ತಿರುವು ಕಳಚಿ ಹೋದರೆ ಮುಂದಿನ ಬೇಸಿಗೆಯವರೆಗೂ ಘಾಟಿಯಲ್ಲಿ ಗಾಡಿ ಇಲ್ಲ. ನಿನಗೆ ರಸ್ತೆ ಕೊಟ್ಟೆ ಅಂತ ನಾನು ಯಾರಿಗೆ ಹೇಳಲಿ? ಇವತ್ತು ಸಂಜೆಯೊಳಗೆ ಮೋರಿ ಬಾಯಿ ಬಿಡಿಸು. ಇಲ್ಲದಿದ್ದರೆ ಕೋಣ ಬಿಚ್ಚಿಕೊಂಡು ಮನೆಗೆ ನಡಿ."

ಆರಿದ್ರೆ ಕಳೆಯುವ ಆ ದಿನವೇ ಅಪ್ಪಯ್ಯ ಬರುವ ದಿನ.

ನಾವು ಚಪ್ಪರಕ್ಕೆ ಹೋಗಿ ಕೋಣ ಹೊಡೆದುಕೊಂಡು ಮತ್ತೆ ತಿರುವಿಗೆ ಇಳಿಯುವಾಗ ಅದು ಬಂತು. ಮೊದಲು ಸದ್ದಿಲ್ಲ. ಮೇಲಿನಿಂದ ಸದಾ ಸುರಿಯುತ್ತಿದ್ದ ಸಣ್ಣ ಝರಿ ಒಂದು ಕ್ಷಣ ನಿಂತಿತು. ಯಾರೋ ಬಾಗಿಲು ಹಾಕಿದ ಹಾಗೆ. ತಲೆ ಎತ್ತಿ ನೋಡಿದರೆ ಗುಡ್ಡದ ಮೇಲಿನ ಮರಗಳು ನಡೆಯುತ್ತಿದ್ದವು. ಬೀಳುತ್ತಿರಲಿಲ್ಲ. ನಿಂತಂತೆಯೇ, ಬೇರು ಮಣ್ಣು ಸಮೇತ, ಒಂದಕ್ಕೊಂದು ಅಂತರ ಬಿಡದೆ, ಮೆರವಣಿಗೆಯವರ ಹಾಗೆ ಕೆಳಕ್ಕೆ ಇಳಿದು ಬರುತ್ತಿದ್ದವು. ಒಂದು ಮರದ ಕೊಂಬೆಯಲ್ಲಿ ಮಂಗಟ್ಟೆ ಹಕ್ಕಿ ಕೂತೇ ಇತ್ತು. ಅರ್ಧ ದಾರಿಯಲ್ಲಿ ಅದು ಹಾರಿತು. ಆಮೇಲೆ ಸದ್ದು ಬಂತು, ಕಿವಿಗಲ್ಲ, ಅಂಗಾಲಿಗೆ. ಓಡಬೇಕೆಂದೂ ತೋಚಲಿಲ್ಲ. ಹೆದರಿಕೆ ಆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅಷ್ಟು ದೊಡ್ಡದರ ಎದುರಿಗೆ ಹೆದರಲೂ ನಾವು ತೀರ ಸಣ್ಣವರು.

ಅದು ರಸ್ತೆಯನ್ನು ದಾಟಿ, ಅರ್ಧ ಕಣಿವೆಗೆ ಸುರಿದು, ಅರ್ಧ ರಸ್ತೆಯ ಮೇಲೇ ನಿಂತಿತು. ಮೂವತ್ತು ಹೆಜ್ಜೆ ಉದ್ದ, ಆಳೆತ್ತರ. ನಮಗೂ ಅದಕ್ಕೂ ನಾಲ್ಕು ಮಾರು. ಒಂದು ಹೊನ್ನೆ ಮರ ರಸ್ತೆಯ ನಡುವೆ, ಅಲ್ಲೇ ಹುಟ್ಟಿತ್ತು ಎಂಬ ಹಾಗೆ ನೆಟ್ಟಗೆ ನಿಂತಿತ್ತು.

ಕೋಣಗಳು ಕಿವಿ ಅಲ್ಲಾಡಿಸಿದವು.

"ಶಿವನೇ," ಎಂದರು ಭಾವ. ಅವರ ಬಾಯಲ್ಲಿ ತಮಾಷೆ ಇಲ್ಲದ ಮಾತು ನಾನು ಕೇಳಿದ್ದು ಅದೊಂದೇ.

ಸದ್ದು ಕೇಳಿ ಮೇಲಿನಿಂದ ಗಾಡಿಯವರೆಲ್ಲ ಓಡಿಬಂದರು. ಅವರಲ್ಲಿ ಮಂಗಳೂರು ಕಡೆಯ ಕ್ರೈಸ್ತ ಮುದುಕರೊಬ್ಬರು ಇದ್ದರು. ಘಟ್ಟದ ಮೇಲಿನ ಬಂಗಲೆಯೊಂದಕ್ಕೆ ಹಂಚು ತಂದು ಇಳಿಸಿ, ಬರಿಗಾಡಿಯಲ್ಲಿ ಊರಿಗೆ ಹೊರಟವರು. ಅವರು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, "ಎಂತ ಮಾರಾಯ್ರೇ, ಗುಡ್ಡವೇ ಕೆಳಗೆ ಹೊರಟದ್ದಾ? ನಾವು ಮಾತ್ರ ಇಲ್ಲಿಯೇ ಬಾಕಿಯಾ?" ಎಂದರು. ನಮ್ಮ ಹಿಂದೆಯೇ ಇಳಿದು ಬಂದ ಓವರ್ಸಿಯರ್ ಮುಖ ಬೂದಿಯಾಗಿತ್ತು. ಮಣ್ಣಿನ ಹಿಂದೆ ನೀರು ಆಗಲೇ ಏರುತ್ತಿತ್ತು. ಮೋರಿ ಇರುವುದು ಈ ಹೊಸ ಜರಿತದ ಕೆಳಗೆ, ನಮ್ಮ ಹಳೆಯ ಬದುವಿನ ಕೆಳಗೆ.

ಗಾಡಿಯವರು ಗುದ್ದಲಿ ತಂದು ಮೇಲಿನಿಂದ ಕಡಿದು ಕೆಳಗೆ ಉರುಳಿಸಿದರು. ಇಬ್ಬರು ಹೊನ್ನೆಗೆ ಕೊಡಲಿ ಹಾಕಿದರು. ಉರುಳಿದ ಮಣ್ಣನ್ನು ನಾವು ಎಳೆದು ಕಣಿವೆಗೆ ಹಾಕಬೇಕು. ಈ ಸಲ ಬೇರೆ ದಾರಿಯಿಲ್ಲ. ಹಲಗೆ ಅಡ್ಡಕ್ಕೆ ಇರುತ್ತದೆ, ಮಣ್ಣು ಅದರ ಮುಂದೆಯೇ ಗುಡ್ಡೆಯಾಗುತ್ತದೆ. ಅದು ಕಣಿವೆಗೆ ಬೀಳಬೇಕಾದರೆ ಕೋಣಗಳನ್ನು ಅಂಚಿನ ತನಕ ಹೊಡೆದು, ಕೊನೆಯ ಹೆಜ್ಜೆಯಲ್ಲಿ ತಿರುಗಿಸಬೇಕು. ಒಂದು ಸಲ ಹಾಗೆ ಮಾಡಿದೆ. ಎರಡು ಸಲ. ಮೂರನೆಯ ಸಲ ತಿರುಗುವಾಗ ಚುಕ್ಕೆಯ ಕೋಣದ ಹಿಂಗಾಲು ಬಿರುಕಿನ ಆಚೆಗೆ ಬಿತ್ತು. ಅಂಚಿನ ಕಲ್ಲೊಂದು ಕಳಚಿ ಹೋಯಿತು. ಅದು ಕೆಳಗೆ ತಲುಪಿದ ಸದ್ದು ಕೇಳಲಿಲ್ಲ. ಕೋಣ ಹೊಟ್ಟೆ ನೆಲಕ್ಕೆ ಹಚ್ಚಿ, ಮುಂಗಾಲಿನಲ್ಲೇ ತನ್ನನ್ನು ಎಳೆದುಕೊಂಡು ಎದ್ದಿತು. ಅದರ ತೊಡೆ ಗಡಗಡ ನಡುಗುತ್ತಿತ್ತು. ನಾನು ಕಾಲನ್ನು ಹಿಡಿದು ಹಿಡಿದು ನೋಡಿದೆ. ಮುರಿದಿರಲಿಲ್ಲ. ಗೊರಸಿನ ಮೇಲೆ ಚರ್ಮ ಸುಲಿದಿತ್ತು.

ತಲೆ ಎತ್ತಿದಾಗ ಅಪ್ಪಯ್ಯ ಎದುರಿಗೆ ನಿಂತಿದ್ದರು. ಯಾವಾಗ ಬಂದರೋ, ಎಷ್ಟು ನೋಡಿದರೋ. ಕೈಯಲ್ಲಿ ಕೋಣ ಹಿಡಿದುಕೊಂಡು ಹೋಗಲು ಹಗ್ಗ.

"ಬಿಚ್ಚು," ಎಂದರು.

ನಾನು ನೊಗದ ಕಡೆ ಕೈ ನೀಡಿದೆ. ಕೊಟ್ಟ ಮಾತು ಮಾತೇ. ಆಗ ಅಪ್ಪಯ್ಯ ಮೊದಲ ಸಲ ಗುಡ್ಡದ ಕಡೆ ತಿರುಗಿದರು. ಮೇಲೆ ಗುಡ್ಡದ ಮೈ ಸುಲಿದು, ಹಸಿ ಮಾಂಸದಂತೆ ಕೆಂಪಗೆ ಕಾಣುತ್ತಿತ್ತು. ಅವರು ಆ ಮಣ್ಣಿನ ರಾಶಿಯ ಹತ್ತಿರ ಹೋಗಿ, ಒಂದು ಹಿಡಿ ತೆಗೆದು, ಬೆರಳಲ್ಲಿ ಉಜ್ಜಿ, ಮೂಸಿದರು.

"ಎಂಥಾ ಮಣ್ಣಲಾ ಇದು! ಗೊಬ್ರನೇ ಬ್ಯಾಡ. ಇದನ್ನ ಕೆಳಗೆ ಹಾಕ್ತಿದೀರಾ?"

"ಹಾಕ್ದಿದ್ರೆ ರಸ್ತೆ ಹೋಗ್ಬುಡ್ತದೆ ಅಪ್ಪಯ್ಯ. ನೀರು ನಿಂತೈತೆ. ನಾವೇ ಕಟ್ಟಿದ ಬದು," ಎಂದೆ.

ಅವರು ನಮ್ಮ ಬದುವನ್ನು ನೋಡಿದರು, ನಿಂತ ನೀರನ್ನು ನೋಡಿದರು, ಬಿರುಕನ್ನು ನೋಡಿದರು. "ಬದು ಕಟ್ಟಿದ್ದು ಚೆನ್ನಾಗೈತೆ," ಎಂದರು. ಕೈಯ ಮಣ್ಣು ಕೊಡವಿಕೊಂಡು, "ಮುಂಡೇವಾ," ಎಂದರು. ಆಮೇಲೆ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಕೋಣದ ಹಿಂದೆ ಕುಕ್ಕರುಗಾಲಲ್ಲಿ ಕುಳಿತರು. ಬಿಚ್ಚಿದ್ದು ನೊಗವನ್ನಲ್ಲ, ಕಣಿವೆಯ ಮಗ್ಗುಲಿನ ಸರಪಳಿಯನ್ನು. ಅದಕ್ಕೆ ಒಂದು ಮೊಳ ಹಗ್ಗ ಸೇರಿಸಿ ಉದ್ದ ಮಾಡಿದರು. ಈಗ ಹಲಗೆ ಅಡ್ಡಕ್ಕೆ ನಿಲ್ಲದೆ ಓರೆಯಾಗಿ ನಿಂತಿತು. ಗುಡ್ಡದ ಕಡೆಯ ತುದಿ ಮುಂದೆ, ಕಣಿವೆಯ ಕಡೆಯದು ಹಿಂದೆ.

"ಗದ್ದೆ ಮೂಲೆಗೆ ಮಣ್ಣು ತುಂಬ್ಸೋಕೆ ಹೆಂಗೆ ಮಾಡ್ತೀವಿ? ಕೋಣನ ಮೂಲೆಗೆ ನುಗ್ಗಿಸ್ತೀವಾ? ಹಲಗೆ ಓರೆ ಮಾಡಿದ್ರೆ ಮಣ್ಣು ತಾನೇ ಪಕ್ಕಕ್ಕೆ ಜಾರ್ತದೆ. ಕೋಣ ನೆಟ್ಟಗೆ ರಸ್ತೆ ಮೇಲೇ ನಡೀಲಿ, ಗುಡ್ಡದ ಮಗ್ಗುಲಿಗೆ. ಅಂಚಿಗೆ ಒಂದ್ ಹೆಜ್ಜೆನೂ ಹೋಗ್ಬಾರ್ದು. ಇಷ್ಟು ದಿನ ನನ್ ಜೊತೆ ಹಲಗೆ ಹೊಡ್ದು ಏನು ಕಲ್ತೆ?"

ಭಾವ ಹಲಗೆಯ ಮುಂದಿನ ತುದಿ ಹತ್ತಲು ಹೋದರು. "ಏ ಅಳಿಯಂದ್ರೇ, ಹಿಂದಿನ ತುದಿಗೆ ಬನ್ನಿ," ಎಂದರು ಅಪ್ಪಯ್ಯ. "ಭಾರ ಎಲ್ಲಿ ಬೇಕೋ ಅಲ್ಲಿರ್ಬೇಕು. ಉಂಡಿದ್ದು ಇವತ್ತಾದ್ರೂ ಕೆಲ್ಸಕ್ಕೆ ಬರ್ಲಿ."

ಗಾಡಿಯವರೆಲ್ಲ ನಕ್ಕರು. ಭಾವನೇ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕರು.

ಅಪ್ಪಯ್ಯ ತಾವೇ ಕೋಣಗಳ ಮುಂದೆ ನಿಂತು ನಡೆಸಿದರು. ಬಾಗುಕೊಂಬಿನದು ಮೊದಲು ಹೆಗಲು ಕೊಟ್ಟಿತು, ಚುಕ್ಕೆಯದು ಹಿಂದಿನಿಂದ ಕೂಡಿಕೊಂಡಿತು. ಮಣ್ಣು ಹಲಗೆಯ ಮುಂದೆ ರಾಶಿಯಾಗಲಿಲ್ಲ. ಹಲಗೆಯ ಮೈಗೆ ಹೊರಳುತ್ತ, ಹಗ್ಗ ಹೊಸೆದ ಹಾಗೆ ಸುತ್ತಿಕೊಳ್ಳುತ್ತ, ಹಿಂದಿನ ತುದಿಯಿಂದ ಸಾಲಾಗಿ ಕಣಿವೆಗೆ ಜಾರಿತು. ಕೋಣಗಳಿಗೂ ಅಂಚಿಗೂ ನಡುವೆ ಎರಡು ಮಾರು. ನಾನು ಗುದ್ದಲಿ ಹಿಡಿದವನು ಹಾಗೇ ನಿಂತುಬಿಟ್ಟೆ. ಹುಟ್ಟಿದಾಗಿನಿಂದ ನೋಡಿದ ಹಲಗೆ ಅದು. ಒಂದು ಮೊಳ ಹಗ್ಗಕ್ಕೆ ಇಷ್ಟು ಶಕ್ತಿ ಉಂಟೆಂದು ನನಗೆ ಗೊತ್ತಿರಲಿಲ್ಲ.

ಎಷ್ಟು ಸುತ್ತು ಆಯಿತೋ ಎಣಿಸಲಿಲ್ಲ. ಒಂದೊಂದು ಸುತ್ತಿಗೂ ಕೆಂಪು ಮಣ್ಣು ಕಣಿವೆಯ ಹಸಿರಿನೊಳಗೆ ಇಳಿದು ಮಾಯವಾಗುತ್ತಿತ್ತು. ಮೊದಮೊದಲು ಅಪ್ಪಯ್ಯ ಪ್ರತಿ ಸಲವೂ ಆ ಕಡೆ ಕತ್ತು ತಿರುಗಿಸಿ ನೋಡುತ್ತಿದ್ದರು, ಮನೆಯ ಪಾತ್ರೆ ಹೊಳೆಯಲ್ಲಿ ಹೋದ ಹಾಗೆ. ಆಮೇಲಾಮೇಲೆ ನೋಡುವುದನ್ನು ಬಿಟ್ಟರು.

ಮೂರು ಗಂಟೆಯ ಹೊತ್ತಿಗೆ ನಮ್ಮ ಬದು ಕಾಣಿಸಿಕೊಂಡಿತು. ನಾನೂ ಭಾವನೂ ಅದನ್ನು ಕಡಿದೆವು. ಕಟ್ಟುವಾಗ ತಟ್ಟಿದ್ದು ಎಷ್ಟು ಗಟ್ಟಿಯಾಗಿತ್ತೆಂದರೆ ಗುದ್ದಲಿ ಪುಟಿಯುತ್ತಿತ್ತು. ಮಂಗಳೂರಿನ ಮುದುಕರು ಇಳಿಜಾರಿನಲ್ಲಿ ಗಾಡಿಯ ಚಕ್ರ ತಡೆಯುವ ಅಡ್ಡಮರವನ್ನೇ ಕಳಚಿ ತಂದು ಮೋರಿಯ ಬಾಯಿಗೆ ತಿವಿದರು. ಒಂದು ಸಲ, ಎರಡು ಸಲ, ಹತ್ತು ಸಲ. ಒಳಗೆ ಗೊರಕೆಯಂಥ ಸದ್ದಾಯಿತು. ಮರುಕ್ಷಣ ಅಡ್ಡಮರ ಅವರ ಕೈಯಿಂದ ಕಿತ್ತುಕೊಂಡು ಒಳಗೆ ಹೋಗಿ, ರಸ್ತೆಯ ಕೆಳಗೆ ನುಗ್ಗಿ, ಆಚೆಯಿಂದ ಕಣಿವೆಗೆ ಬಾಣದಂತೆ ಹಾರಿತು. ಅದರ ಹಿಂದೆ ನೀರು! ರಸ್ತೆಯ ಮೇಲೆ ನಿಂತ ಕೆರೆ ನಮ್ಮ ಕಣ್ಣೆದುರಿಗೇ ಸುತ್ತು ತಿರುಗಿ ಬರಿದಾಯಿತು. ಕಾಲ ಕೆಳಗಿನ ರಸ್ತೆ ನಡುಗುವುದು ಗೊತ್ತಾಗುತ್ತಿತ್ತು. ನಡುಕ ಇಳಿಯಿತು. ಬಿರುಕು ಇದ್ದಷ್ಟೇ ಇತ್ತು.

"ಅಡ್ಡಮರ ಹೋಯಿತು," ಎಂದರು ಮುದುಕರು. "ಹೋಗಲಿ, ನನಗಿಂತ ಮೊದಲು ಮಂಗಳೂರು ಮುಟ್ಟುತ್ತದೆ."

ಕತ್ತಲಾಗುವ ಮೊದಲು ಒಂದು ಗಾಡಿ ಹಿಡಿಯುವಷ್ಟು ದಾರಿ ಆಯಿತು. ಬಿದಿರಿನ ಅಡ್ಡಮರ ಕಟ್ಟಿಕೊಂಡು ಮೊದಲು ಅವರ ಗಾಡಿಯೇ ಇಳಿಯಿತು. ಓವರ್ಸಿಯರ್ ಒದ್ದೆ ರುಮಾಲು ಬಿಚ್ಚಿ ಹಿಂಡುತ್ತ ನನ್ನ ಹತ್ತಿರ ಬಂದರು. ನನಗೆ ಹೇಳಬೇಕಾದ್ದನ್ನು ಅಪ್ಪಯ್ಯನಿಗೆ ಹೇಳಿದರು. "ನಾಟಿ ಮುಗಿದ ಮೇಲೆ ಇವನನ್ನು ಕೋಣದ ಜೊತೆ ಕಳಿಸಿಕೊಡಿ ಯಜಮಾನರೇ. ಅಷ್ಟು ದಿನ ಹೇಗೋ ಆಳು ಹಿಡಿದು ನೋಡಿಕೊಳ್ಳುತ್ತೇನೆ."

"ಕಾಲು ವಾಸಿಯಾದ್ರೆ," ಎಂದರು ಅಪ್ಪಯ್ಯ.

ಮಾರನೆಯ ಬೆಳಿಗ್ಗೆ ಕೋಣಗಳನ್ನು ನಿಧಾನವಾಗಿ ಮನೆಗೆ ನಡೆಸಿದೆವು. ಅವ್ವ ಗಾಯಕ್ಕೆ ಅರಿಸಿನ, ಬೇವಿನೆಣ್ಣೆ ಹಚ್ಚಿ ಬಟ್ಟೆ ಕಟ್ಟಿದಳು. ಮೂರು ದಿನ ಕೊಟ್ಟಿಗೆಯಲ್ಲೇ ಇಟ್ಟೆವು. ಆ ಮೂರು ದಿನ ನಾನು ಗೊರಸು ನೋಡಿದಷ್ಟು ದೇವರ ಮುಖ ನೋಡಿಲ್ಲ. ಅಗೆ ಬಲಿತು ಗಂಟು ಕಟ್ಟಲು ಶುರುವಾಗಿತ್ತು, ಇನ್ನು ತಡವಾದರೆ ನೆಡಲು ಬಾರದು. ನಾಲ್ಕನೆಯ ದಿನ ಚುಕ್ಕೆಯದು ತಾನೇ ಎದ್ದು ನಾಲ್ಕೂ ಕಾಲು ಊರಿತು. ಅಂದೇ ಕೆಳಗಿನ ಗದ್ದೆಗೆ ಇಳಿಸಿದೆವು.

ನಾಟಿಯ ದಿನ ಹೆಂಗಸರು ಸಾಲಾಗಿ ನಿಂತು ನೆಡುತ್ತಿದ್ದಾಗ ನಾನೂ ಅಪ್ಪಯ್ಯನೂ ಅಗೆಯ ಕಟ್ಟು ಹೊತ್ತು ಬದುವಿನ ಮೇಲೆ ನಡೆಯುತ್ತಿದ್ದೆವು. ಅಪ್ಪಯ್ಯ ನಿಂತು, ಗದ್ದೆಯ ಮೇಲಿನ ಗುಡ್ಡವನ್ನು ನೋಡಿದರು. ದಿನವೂ ಕಾಣುವ ಗುಡ್ಡ. ಅದರ ನಡುವೆ ಒಂದು ಕಡೆ ಒಳಕ್ಕೆ ಗುಳಿ ಬಿದ್ದಿದೆ, ಅದರ ತುಂಬ ಹಳೆಯ ಮರಗಳು ಬೆಳೆದಿವೆ.

"ನಮ್ ಗದ್ದೆ ಮಣ್ಣೂ ಯಾವ್ದೋ ಕಾಲ್ದಾಗೆ ಆ ಗುಳಿಯಿಂದ ಹಂಗೇ ಜರ್ದು ಬಂದಿದ್ದೇನೋ ಕಣೋ," ಎಂದರು. "ನಾನು ನೋಡೇ ಇರ್ಲಿಲ್ಲ."

ನಾನು ಕಾಲ ಕೆಳಗೆ ನೋಡಿದೆ. ಬದುವಿನ ಕೆಸರಲ್ಲಿ ಹೂತ ಪಾದ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ನೆಡುವವರು ಅಗೆ ಬೇಕೆಂದು ಕೂಗಿದರು. ಇಬ್ಬರೂ ಕಟ್ಟು ಎಸೆಯಲು ಗದ್ದೆಗೆ ಇಳಿದೆವು.